ನಾಲೆ ಏರಿ ಮೇಲೆ ಸುಮ್ನೆ ನಡೆಯೋದು

"ಗಾಡಿ ಕೆಟ್ಟೋಯ್ತಾ ಸಾರ್? ಹತ್ಕೊಳಿ."

ಹೋದ ವರ್ಷ ಊರಿಗೆ ಬಂದಾಗ ಶ್ರೀರಂಗಪಟ್ಟಣದ ಹತ್ತಿರ ಸಿ.ಡಿ.ಎಸ್. (ಚಿಕ್ಕದೇವರಾಜ ಸಾಗರ) ನಾಲೆ ಏರಿ ಮೇಲೆ ನಡೆಯುತ್ತಿದ್ದೆ. ಅರ್ಧ ಗಂಟೆಯಲ್ಲಿ ನಾಲ್ಕು ಬೈಕ್ ನಿಂತವು. ನಾಲ್ವರದ್ದೂ ಇದೇ ಪ್ರಶ್ನೆ. "ಸುಮ್ನೆ ನಡೀತಿದೀನಿ" ಅಂದರೆ ಒಬ್ಬನೂ ನಂಬಲಿಲ್ಲ. ನಾನು ಮನೆ ಸೇರಿದ ಸ್ವಲ್ಪ ಹೊತ್ತಿಗೇ ಅತ್ತೆಗೆ ಸುದ್ದಿ ಮುಟ್ಟಿತ್ತು. ಅಮೆರಿಕದಿಂದ ಬಂದವನಿಗೆ ಮನಸ್ಸಿಗೇನೋ ಬೇಜಾರಂತೆ!

ಮೊನ್ನೆ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿರುವ ಹಾರ್ಪರ್ಸ್ ಫೆರಿ ಊರಿಗೆ ಹೋದಾಗ ಇದೆಲ್ಲ ನೆನಪಾಯಿತು. ಜಾರ್ಜಿಯಾದಿಂದ ಮೇನ್‌ವರೆಗೆ ಸುಮಾರು 2,190 ಮೈಲಿ ಹೋಗುವ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿ ಅಲ್ಲಿ ರೈಲು ಸೇತುವೆಯ ಪಕ್ಕದಲ್ಲೇ ಪೊಟೊಮ್ಯಾಕ್ ಹೊಳೆ ದಾಟುತ್ತದೆ. ನಮ್ಮ ಮೇರಿಲ್ಯಾಂಡ್ ಕಡೆಗೆ ಇಳಿದು, ಹಳೆಯ ಚೆಸಪೀಕ್ ಅಂಡ್ ಒಹಾಯೊ ನಾಲೆಯ ಏರಿ ಹಿಡಿಯುತ್ತದೆ. ಮುಂದೆ ಸುಮಾರು ಮೂರು ಮೈಲಿ ಎರಡೂ ಒಂದೇ ದಾರಿ. ಕಲ್ಲಿದ್ದಲಿನ ದೋಣಿ ಎಳೆಯುವ ಹೇಸರಗತ್ತೆಗಳಿಗೆ ಮಾಡಿದ ದಾರಿ ಅದು. ಎಲ್ಲೂ ಏರಿಳಿತವಿಲ್ಲ. ನಮ್ಮ ಏರಿಯ ಹಾಗೇ ಒಂದು ಕಡೆ ಹೊಳೆ, ಇನ್ನೊಂದು ಕಡೆ ನಾಲೆ.

ಅಲ್ಲೊಬ್ಬ ಗಡ್ಡದ ಹುಡುಗ ಸಿಕ್ಕ. ಜಾರ್ಜಿಯಾದಿಂದ ಸಾವಿರ ಮೈಲಿಗೂ ಜಾಸ್ತಿ ನಡೆದು ಬಂದಿದ್ದ. ಕೊಟ್ಟ ಕೋಡುಬಳೆಯನ್ನೆಲ್ಲ ನಿಂತಲ್ಲೇ ಮುಗಿಸಿದ. ಯಾಕೆ ನಡೀತಿದೀಯ ಅಂತ ದಾರಿಯಲ್ಲಿ ಯಾರೂ ಅವನನ್ನು ಕೇಳಿಲ್ಲವಂತೆ. ನನಗೆ ಹೊಟ್ಟೆಕಿಚ್ಚಾಯಿತು.

ನೋಡಿ, ಆ ನಾಲೆ 1924ರಲ್ಲೇ ನಿಂತುಹೋಗಿದೆ. ಆಮೇಲೆ ಅದರುದ್ದಕ್ಕೂ ಕಾರು ರಸ್ತೆ ಮಾಡುವ ಮಾತು ಬಂತು. ಆಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್, ರಸ್ತೆ ಪರ ಬರೆದ ಪತ್ರಿಕೆಯವರನ್ನು 'ನಡೆದು ನೋಡೋಣ ಬನ್ನಿ' ಅಂತ ಕರೆದರು. 1954ರ ಮಾರ್ಚ್‌ನಲ್ಲಿ ನಾಲೆಯ ಪಶ್ಚಿಮ ತುದಿಯ ಕಂಬರ್‌ಲ್ಯಾಂಡಿನಿಂದ ಹೊರಟು 184.5 ಮೈಲಿ ನಡೆದೇಬಿಟ್ಟರು. ಪತ್ರಿಕೆಯವರ ಮನಸ್ಸು ಬದಲಾಯಿತು. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಸತ್ತ ನಾಲೆಗೆ ಇಷ್ಟು ಮರ್ಯಾದೆ! ನಮ್ಮದೋ, ಒಡೆಯರ ಕಾಲದ್ದು, 300 ವರ್ಷಕ್ಕೂ ಹಳೆಯದು. ಅದರ ದಡದಲ್ಲಿ ನನಗೆ ಸಿಕ್ಕಿದ್ದು ಗುಟ್ಕಾ ಪೊಟ್ಟಣ, ಹಳೇ ಚಪ್ಪಲಿ, ಒಡೆದ ದೇವರ ಫೋಟೊ. ಕೂರೋಕೆ ಒಂದು ಕಲ್ಲುಬೆಂಚಾದರೂ ಬೇಡವಾ?

ಇಷ್ಟು ಬೈದ ಮೇಲೆ ಇದನ್ನೂ ಹೇಳಬೇಕು. ಹಾರ್ಪರ್ಸ್ ಫೆರಿಯ ಆ ನಾಲೆಯಲ್ಲಿ ನಾನು ನೋಡಿದ್ದು ಕೆಸರು ಮತ್ತು ಮರ. ನಮ್ಮದರಲ್ಲಿ ನೀರು ಬಿಟ್ಟ ದಿನ ಇವತ್ತಿಗೂ ಗದ್ದೆ ತುಂಬುತ್ತದೆ, ಅಕ್ಕಂದಿರು ಬಟ್ಟೆ ಒಗೆಯುತ್ತಾರೆ, ಹುಡುಗರು ಧುಮುಕುತ್ತಾರೆ. ಅಲ್ಲಿ ಏರಿ ಮೇಲೆ ಸುಮ್ನೆ ಓಡಾಡೋಕೆ ಯಾರಿಗೆ ಪುರುಸೊತ್ತು?

ಮತ್ತೆ ಆ ಬೈಕಿನವರು. ಮೂರನೆಯವನವರೆಗೂ ಬೇಡ ಬೇಡ ಅಂದೆ. ನಾಲ್ಕನೆಯವನ ಗಾಡಿ ಹತ್ತಿಬಿಟ್ಟೆ, ಬಿಸಿಲು ಜಾಸ್ತಿ ಇತ್ತು. ಮನೆ ಬಾಗಿಲಿಗೇ ಬಿಟ್ಟ. ಅತ್ತೆಗೆ ಸುದ್ದಿ ಹೇಳಿದ್ದೂ ಅವನೇ ಇರಬೇಕು.