ಕೈ ಮುಗಿಯೋದಾ, ಕೈ ಎತ್ತೋದಾ?

2024ರ ಫೆಬ್ರುವರಿಯಲ್ಲಿ ಕರ್ನಾಟಕದ ಶಿಕ್ಷಣದಲ್ಲಿ ಒಂದು ಕ್ರಾಂತಿ ನಡೆಯಿತು. ಅದಕ್ಕೆ ಬೇಕಾಗಿದ್ದು ಒಂದು ಡಬ್ಬ ಪೇಂಟು, ಒಂದು ಬ್ರಷ್ಷು. ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳಲ್ಲಿ ‘ಜ್ಞಾನ ದೇಗುಲವಿದು, ಕೈಮುಗಿದು ಒಳಗೆ ಬಾ’ ಅನ್ನೋ ಬರಹ ಅಳಿಸಿ ‘ಜ್ಞಾನ ದೇಗುಲವಿದು, ಧೈರ್ಯವಾಗಿ ಪ್ರಶ್ನಿಸಿ’ ಅಂತ ಬರೆಸಿದರು. ದೇಗುಲ ಹಾಗೇ ಉಳಿಯಿತು. ಭಕ್ತರಿಗೆ ಕೊಟ್ಟ ಸೂಚನೆ ಮಾತ್ರ ಬದಲಾಯಿತು.

ತಕ್ಷಣ ಧೈರ್ಯವಾಗಿ ಪ್ರಶ್ನಿಸುವ ಕೆಲಸ ಶುರುವಾಯಿತು. ಇದು ಕುವೆಂಪುಗೆ ಮಾಡಿದ ಅವಮಾನ ಅಲ್ವಾ ಅಂತ ಬಿಜೆಪಿಯವರು ಪ್ರಶ್ನಿಸಿದರು. ಇದರಲ್ಲಿ ತಪ್ಪೇನಿದೆ ಅಂತ ಸರ್ಕಾರದ ಕಡೆಯವರು ಮರುಪ್ರಶ್ನೆ ಹಾಕಿದರು. ಟೀವಿಯವರು ಇಬ್ಬರನ್ನೂ ಪ್ರಶ್ನಿಸಿ, ಉತ್ತರ ಬರೋ ಮೊದಲೇ ಬ್ರೇಕ್ ತಗೊಂಡರು. ಬೋರ್ಡು ಯಾರಿಗಾಗಿ ಬರೆಸಿದ್ದೋ ಆ ಮಕ್ಕಳು ಮಾತ್ರ ಆ ಹೊತ್ತಿಗೆ ಕ್ಲಾಸಿನಲ್ಲಿ ಬಾಯಿ ಮೇಲೆ ಬೆರಳಿಟ್ಟು ಕೂತಿದ್ದರು. ಮಾತಾಡಿದವರ ಹೆಸರು ಬರೆಯೋಕೆ ಲೀಡರ್ ನಿಂತಿದ್ದ.

ಕುವೆಂಪು ಪರವಾಗಿ ಕಣ್ಣೀರು ಹಾಕಿದವರಿಗೆ ಒಂದು ಸಣ್ಣ ತೊಂದರೆ ಇತ್ತು. ಬಾಗಿಲಲ್ಲಿ ಕೈಮುಗಿದು ಒಳಗೆ ಬಾ ಅಂತ ಕವಿ ಕರೆದಿದ್ದು ಸೋಮನಾಥಪುರದ ದೇವಾಲಯಕ್ಕೆ ಬಂದ ಯಾತ್ರಿಕನನ್ನು. ಅದೂ ಅಲ್ಲಿನ ಕಲೆಗೆ ಕೈಮುಗಿಯಪ್ಪಾ ಅಂತ. ಶಾಲೆಯ ಬೋರ್ಡು ಆ ಸಾಲಿಗೆ ದೂರದ ನೆಂಟ ಅಷ್ಟೇ. ಅದೇ ಕವಿ ‘ಗುಡಿ ಚರ್ಚು ಮಸಜೀದಿಗಳ ಬಿಟ್ಟು ಹೊರಬನ್ನಿ’ ಅಂತಲೂ ಬರೆದಿದ್ದಾರೆ. ‘ಒಳಗೆ ಬಾ’ ಅನ್ನೋದಕ್ಕೆ ಊರೂರಲ್ಲೂ ಗೋಡೆ ಸಿಕ್ಕಿತು. ‘ಹೊರಬನ್ನಿ’ ಅನ್ನೋದಕ್ಕೆ ಯಾವ ಸರ್ಕಾರಕ್ಕೂ ಗೋಡೆ ಸಿಕ್ಕ ಹಾಗಿಲ್ಲ. ಕವಿಗೆ ನಿಜವಾಗಿ ಗೌರವ ಕೊಡಬೇಕು ಅಂದರೆ ಅದನ್ನೂ ಒಂದು ಗೇಟಿನ ಮೇಲೆ ಬರೆಸಿ ನೋಡಿ. ಎಲ್ಲ ಪಕ್ಷದವರೂ ಒಂದೇ ಶಾಮಿಯಾನದ ಕೆಳಗೆ ಪ್ರತಿಭಟನೆಗೆ ಕೂತಿರ್ತಾರೆ.

ಇರಲಿ. ಒಂದು ಮಗು ಹೊಸ ಬೋರ್ಡನ್ನು ಓದಿ, ನಿಜ ಅಂತ ನಂಬಿಬಿಟ್ಟಿತು ಅಂದುಕೊಳ್ಳಿ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದೆ. ಶಾಲೆಯಲ್ಲಿ ಶಾರದಾ ಪೂಜೆ. ಹಾಲ್ ಟಿಕೆಟ್‌ಗಳನ್ನೆಲ್ಲ ಫೋಟೋ ಮುಂದೆ ಜೋಡಿಸಿ, ಅರಿಶಿನ ಕುಂಕುಮ ಹಾಕಿದ್ದಾರೆ. ಹಿಂದಿನ ಸಾಲಿನ ಹುಡುಗಿ ಕೈ ಎತ್ತುತ್ತಾಳೆ.

“ಸಾರ್, ಪೂಜೆ ಮಾಡಿದ್ರೆ ಪಾಸಾಗ್ತೀವಾ?”

“ಓದಬೇಕಮ್ಮಾ.”

“ಓದಿದ್ಮೇಲೆ ಪೂಜೆ ಯಾಕೆ ಸಾರ್?”

“ಶ್ರದ್ಧೆ ಬರ್ಲಿ ಅಂತ.”

“ನಂಗೆ ದೇವರಿದ್ದಾನೆ ಅಂತ ಅನ್ಸಲ್ಲ ಸಾರ್. ಲೈಬ್ರರೀಲಿ ಕೂತು ಗಣಿತ ಮಾಡ್ಲಾ?”

ಸಾರ್ ಬೋರ್ಡಿನ ಕಡೆ ನೋಡ್ತಾರೆ. ಆಮೇಲೆ ಎಸ್‌ಡಿಎಂಸಿ ಅಧ್ಯಕ್ಷರ ಕಡೆ ನೋಡ್ತಾರೆ. ಅಧ್ಯಕ್ಷರ ಕೈಯಲ್ಲಿ ಮಂಗಳಾರತಿ ತಟ್ಟೆ ಇದೆ.

“ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ.”

ಸಾರ್ ಹೆದರಿದರು ಅಂತ ನಗಬೇಡಿ. ಅವರು ಸಂವಿಧಾನದ ಹತ್ತಿರಹತ್ತಿರವೇ ಇದ್ದಾರೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತೆ 28ನೇ ವಿಧಿ. ಮಾನ್ಯತೆಯೋ ಅನುದಾನವೋ ಪಡೆದ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಪೂಜೆಗೆ ಕೂರಿಸುವಂತಿಲ್ಲ ಅಂತಲೂ ಅನ್ನುತ್ತೆ. ಆದರೆ 18 ತುಂಬದವರ ಪರವಾಗಿ ಒಪ್ಪಿಗೆ ಕೊಡೋರು ಪೋಷಕರು. ಅಪ್ಪ ಹೂಂ ಅಂದರೆ ಮಗಳ ಮನಸ್ಸಾಕ್ಷಿಯೂ ಹೂಂ ಅಂದ ಹಾಗೆ. ಇನ್ನು ವೈಜ್ಞಾನಿಕ ಮನೋಭಾವ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅಂತ 1976ರಲ್ಲಿ 51ಎ ವಿಧಿ ಸೇರಿಸಿದರು. ಆ ಕರ್ತವ್ಯ ಮಾಡೋಕೂ ಮನೆಯಿಂದ ಚೀಟಿ ತರಬೇಕಾಗುತ್ತೆ.

ಧಾರ್ಮಿಕ ಬೋಧನೆ ಕೂಡದು ಅನ್ನೋ ಮಾತಿಗೆ ನಮ್ಮಲ್ಲಿ ಸುಲಭ ಪರಿಹಾರ ಇದೆ. ಅದು ಧರ್ಮ ಅಲ್ಲ, ಸಂಸ್ಕೃತಿ. ಪೂಜೆ ಅಲ್ಲ, ಸಂಪ್ರದಾಯ. ಮಂಗಳಾರತಿ ಅಲ್ಲ, ಪಠ್ಯೇತರ ಚಟುವಟಿಕೆ. (ಅಂದ ಹಾಗೆ, 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೇ ನಿಂತಿತು. ಕೃಪೆ ಎಲ್ಲಿಂದ ಬಂತು ಅನ್ನೋದು ಸ್ಪಷ್ಟ ಇರೋದರಿಂದ ಹಾಲ್ ಟಿಕೆಟ್ ಇಡಬೇಕಾಗಿದ್ದು ಪರೀಕ್ಷಾ ಮಂಡಳಿಯ ಬಾಗಿಲಲ್ಲಿ.)

ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯ ಕತೆಯೂ ಹೀಗೇ. ಮಕ್ಕಳು ಕಣ್ಣು ಮುಚ್ಚಿ, ಕೈ ಜೋಡಿಸಿ ‘ಅಸತೋ ಮಾ ಸದ್ಗಮಯ’ ಹೇಳಲೇಬೇಕಾ, ನಾಸ್ತಿಕರ ಮಕ್ಕಳು ಏನು ಮಾಡಬೇಕು ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು 2018ರಲ್ಲಿ ನೋಟಿಸ್ ಕೊಟ್ಟಿತು. 2019ರಲ್ಲಿ ದೊಡ್ಡ ಪೀಠ ನೋಡಲಿ ಅಂದಿತು. ಆಗ ಒಂದನೇ ಕ್ಲಾಸಲ್ಲಿದ್ದ ಮಗು ಈಗ ಹೈಸ್ಕೂಲಿಗೆ ಬಂದಿದೆ. ನನಗೆ ಕುತೂಹಲ ಇರೋದು ಮೇಷ್ಟ್ರ ಬಗ್ಗೆ. ಯಾವ ಮಗು ಕಣ್ಣು ಬಿಟ್ಟಿದೆ ಅಂತ ಹಿಡಿಯಬೇಕಾದರೆ ಮೇಷ್ಟ್ರು ಕಣ್ಣು ಬಿಟ್ಟುಕೊಂಡೇ ಇರಬೇಕು. ಹಾಗಾಗಿ ಇಡೀ ಶಾಲೆಯಲ್ಲಿ ಪ್ರಾರ್ಥನೆಯಿಂದ ಅಧಿಕೃತವಾಗಿ ವಿನಾಯಿತಿ ಸಿಕ್ಕಿರೋದು ಅವರೊಬ್ಬರಿಗೇ.

ದೇವರನ್ನು ನಂಬದ ಮಗುವಿಗೆ ಇನ್ನೊಂದು ಅನನುಕೂಲ ಇದೆ. 2022ರಲ್ಲಿ ಹಿಜಾಬ್ ತೆಗೆದು ಒಳಗೆ ಬಾ ಅಂದಾಗ ಒಂದು ಗುಂಪು ಬೀದಿಗೆ ಬಂತು. 2025ರ ಸಿಇಟಿಯಲ್ಲಿ ಜನಿವಾರ ತೆಗೆದು ಒಳಗೆ ಬಾ ಅಂದಾಗ ಇನ್ನೊಂದು ಗುಂಪು ಬಂತು. ಮೊದಲನೇ ಸಲ ‘ಕ್ಲಾಸಿನಲ್ಲಿ ಧರ್ಮ ಬೇಡ’ ಅಂದಿದ್ದವರಲ್ಲಿ ಎಷ್ಟೋ ಜನ ಎರಡನೇ ಸಲ ‘ಧರ್ಮಕ್ಕೆ ಅವಮಾನ’ ಅಂದರು. ನಂಬದ ಮಗು ಗೇಟಿನಲ್ಲಿ ತೆಗೆದಿಡೋಕೆ ಏನೂ ಇಲ್ಲದೆ ಬರುತ್ತೆ. ತೆಗೆಸೋಕೆ ಏನೂ ಸಿಗದಿದ್ದರೆ ಯಾರು ತಾನೇ ಬೀದಿಗೆ ಬರ್ತಾರೆ?

ಪಕ್ಕದ ಕೇರಳದಲ್ಲಿ ಇಂಥ ಮಗುವನ್ನು ಪಠ್ಯಪುಸ್ತಕಕ್ಕೇ ಸೇರಿಸಿದ್ದರು. 2008ರಲ್ಲಿ, ಏಳನೇ ಕ್ಲಾಸಿನ ಸಮಾಜ ವಿಜ್ಞಾನದಲ್ಲಿ. ಹುಡುಗನ ಹೆಸರು ಜೀವನ್, ಅಪ್ಪ ಅನ್ವರ್ ರಶೀದ್, ಅಮ್ಮ ಲಕ್ಷ್ಮೀದೇವಿ. ಶಾಲೆಗೆ ಸೇರಿಸುವಾಗ ಮುಖ್ಯೋಪಾಧ್ಯಾಯರು ಧರ್ಮ ಯಾವುದು ಅಂತ ಕೇಳ್ತಾರೆ. ಯಾವುದೂ ಇಲ್ಲ ಅಂತ ಬರ್ಕೊಳ್ಳಿ ಅಂತಾರೆ ಅಪ್ಪ ಅಮ್ಮ. ಮುಂದೆ ಅವನಿಗೆ ಧರ್ಮ ಬೇಕು ಅನ್ನಿಸಿದರೆ? ಆಗ ಅವನೇ ಆರಿಸಿಕೊಳ್ಳಲಿ. ಇಷ್ಟೇ ಪಾಠ. ಹಿಂದೂ, ಮುಸ್ಲಿಂ, ಕ್ರೈಸ್ತ ಸಂಘಟನೆಗಳು ಅಪರೂಪಕ್ಕೆ ಒಂದೇ ಮಾತು ಆಡಿದವು: ಇದು ನಾಸ್ತಿಕತೆಯ ಪ್ರಚಾರ. ಪುಸ್ತಕ ಸುಟ್ಟರು. ಮಲಪ್ಪುರಂನ ಗಲಾಟೆಯಲ್ಲಿ ಏಟು ತಿಂದ ಒಬ್ಬ ಮುಖ್ಯೋಪಾಧ್ಯಾಯರು ತೀರಿಕೊಂಡರು. ಆ ಸಾವಿನ ಬಗ್ಗೆ ವಿಡಂಬನೆ ಬರೆಯೋಕೆ ನನ್ನಿಂದ ಆಗಲ್ಲ. ಪಾಠವನ್ನು ಆಮೇಲೆ ತಿದ್ದಿದರು.

ಹತ್ತು ವರ್ಷ ಕಳೆದ ಮೇಲೆ, 2018ರಲ್ಲಿ, ಅದೇ ಕೇರಳದ ಶಿಕ್ಷಣ ಸಚಿವರು ವಿಧಾನಸಭೆಯಲ್ಲಿ ಒಂದು ಲೆಕ್ಕ ಕೊಟ್ಟರು. 1ರಿಂದ 10ನೇ ಕ್ಲಾಸಿನವರೆಗಿನ 1.23 ಲಕ್ಷಕ್ಕೂ ಹೆಚ್ಚು ಮಕ್ಕಳು ಜಾತಿ, ಧರ್ಮದ ಕಾಲಂ ತುಂಬಿಲ್ಲವಂತೆ. ದೇಶವೇ ಬೆರಗಾಯಿತು. ಪ್ರಗತಿಪರರು ಸಂಭ್ರಮಿಸಿದರು, ಉಳಿದವರು ಎದೆ ಹಿಡಿದುಕೊಂಡರು. ಆಮೇಲೆ ಒಂದೊಂದೇ ಶಾಲೆಯವರು ಬಾಯಿಬಿಟ್ಟರು. ಮಕ್ಕಳಿಗೆ ಧರ್ಮ ಇತ್ತು ಸ್ವಾಮಿ, ನಾವು ಕಂಪ್ಯೂಟರಿಗೆ ಹಾಕುವಾಗ ಆ ಕಾಲಂ ಖಾಲಿ ಬಿಟ್ಟಿದ್ದೆವು ಅಂದರು. ಡೇಟಾ ಎಂಟ್ರಿಯಲ್ಲಿ ನಾಸ್ತಿಕರಾದ ಮಕ್ಕಳು ಸ್ಪಷ್ಟೀಕರಣದಲ್ಲಿ ಮತ್ತೆ ಆಸ್ತಿಕರಾದರು. ಹೋಗಿದ್ದನ್ನಾಗಲಿ, ಬಂದಿದ್ದನ್ನಾಗಲಿ ಅವರಿಗೆ ತಿಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.