ಇಳಿಸಬ್ಯಾಡ್ರಿ, ಹೊಂಟೇಬಿಡ್ತೀವಿ!

ನಮ್ಮ ಮನೆಯ ಹಜಾರದ ಮೂಲೆಯಲ್ಲಿ ಒಂದು ಬಿಗ್ ಡ್ರಮ್ ಕುಳಿತಿದೆ. ಅದು ಆರಾಮವಾಗಿ ಕುಳಿತಿರುವುದೇ ನನ್ನ ಹೊಟ್ಟೆಯುರಿಗೆ ಕಾರಣ. ಏಕೆಂದರೆ ಅದನ್ನು ಹೊತ್ತ ನಾನು ಕುಳಿತುಕೊಳ್ಳಲಾರೆ. ಈ ಬರಹವನ್ನು ಫ್ರಿಜ್ಜಿನ ತಲೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಹೆಂಡತಿ ಹಾಲಿಗೋ ಕೊತ್ತಂಬರಿಗೋ ಬಂದಾಗಲೆಲ್ಲ ನಾನು ಜಾಗ ಬಿಡಬೇಕು, ಜಾಗ ಬಿಡಲು ತಿರುಗಬೇಕು, ತಿರುಗಿದರೆ ಸೊಂಟ ಛಳಕ್ ಎನ್ನುತ್ತದೆ. ಮೂರನೆಯ ಸಲಕ್ಕೆ ಅವಳು, ‘ಅಲ್ರೀ, ಆ ಡ್ರಮ್ಮಿನ ಮೇಲೆ ಹಾಳೆ ಇಟ್ಕೊಂಡು ಬರೀಬಾರದಾ, ಅದಾದ್ರೂ ಉಪಯೋಗಕ್ಕೆ ಬರ್ತದ’ ಎಂದಳು. ಡ್ರಮ್ಮಿನ ಎತ್ತರಕ್ಕೆ ಬಗ್ಗಲು ಸಾಧ್ಯವಿದ್ದಿದ್ದರೆ ನಾನು ಕುರ್ಚಿಯ ಮೇಲೆಯೇ ಕೂರುತ್ತಿದ್ದೆ ಎಂಬುದನ್ನು ಅವಳಿಗೆ ವಿವರಿಸುವ ಉಸಿರು ನನ್ನಲ್ಲಿರಲಿಲ್ಲ.

ಕಳೆದ ಭಾನುವಾರ ನಾವು ಓದಿದ ಶಾಲೆಯ ಸುವರ್ಣ ಮಹೋತ್ಸವದ ಮೆರವಣಿಗೆ ನಡೆಯಿತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅಂದಿನ ಶಾಲಾ ಬ್ಯಾಂಡನ್ನೇ ಮತ್ತೆ ಬೀದಿಗಿಳಿಸಬೇಕೆಂದು ಸಮಿತಿ ತೀರ್ಮಾನಿಸಿತ್ತು. ಎಂಟನೆಯ ತರಗತಿಯಲ್ಲಿ ನಾನು ಉಳಿದ ಹುಡುಗರಿಗಿಂತ ಒಂದು ಗೇಣು ಎತ್ತರವಿದ್ದೆ; ಎತ್ತರದವನ ಕೊರಳಿಗೆ ಬಿಗ್ ಡ್ರಮ್ ಎಂಬುದು ಶಾಲಾ ಬ್ಯಾಂಡುಗಳ ಅಲಿಖಿತ ನಿಯಮ. ಆಮೇಲೆ ಉಳಿದವರೂ ಬೆಳೆದರು, ಕೆಲವರು ನನ್ನನ್ನು ಮೀರಿ ಬೆಳೆದರು, ಆದರೆ ಸಮಿತಿಯ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಬಿಗ್ ಡ್ರಮ್’ ಎಂಬುದು ಹಾಗೆಯೇ ಉಳಿದುಕೊಂಡಿತ್ತು. ಅಂದು ಟ್ರಯಾಂಗಲ್ ಬಾರಿಸುತ್ತಿದ್ದ ಗೆಳೆಯ ಈಗ ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಅಧಿಕಾರಿ. ಅವನಿಗೆ ಈ ಸಲವೂ ಅದೇ ಟ್ರಯಾಂಗಲ್. ದಾರದಲ್ಲಿ ನೇತಾಡುವ ಒಂದು ಕಬ್ಬಿಣದ ಸರಳು, ಅದನ್ನು ಮುಟ್ಟಿಸಲು ಇನ್ನೊಂದು ಪುಟ್ಟ ಸರಳು. ಮೆರವಣಿಗೆ ಮುಗಿದ ಮೇಲೆ ಅವನು ನನ್ನ ಬಳಿಗೆ ಬಂದು, ‘ಬೆರಳು ಒಂಚೂರು ಜೋಮು ಹಿಡಿದಾವ ನೋಡು’ ಎಂದು ಹೇಳಿದ. ನಾನು ಉತ್ತರ ಕೊಡಲಿಲ್ಲ.

ಬಿಗ್ ಡ್ರಮ್ಮನ್ನು ದೂರದಿಂದ ಮಾತ್ರ ನೋಡಿದವರಿಗೆ ಅದರ ಅಂತರಂಗ ತಿಳಿದಿರುವುದಿಲ್ಲ. ನಮ್ಮದು 28 ಇಂಚು ಅಡ್ಡಳತೆಯದು, ಪ್ಲೈವುಡ್ಡಿನ ಮೈ, ಸುತ್ತಲೂ ಬಿಗಿಯುವ ಕಬ್ಬಿಣದ ಕಂಬಿಗಳು, ಎಲ್ಲ ಸೇರಿ ಎಂಟು ಕಿಲೋ. ಹಿಂದೆ ಇದಕ್ಕೆ ಚರ್ಮದ ಮುಖ ಇರುತ್ತಿತ್ತು, ಮಳೆ ಹನಿದರೆ ಸಡಿಲವಾಗಿ ದನಿ ಸತ್ತುಹೋಗುತ್ತಿತ್ತು, ಆ ನೆಪದಲ್ಲಾದರೂ ಬಿಡುಗಡೆ ಸಿಗುತ್ತಿತ್ತು. 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಮುಖ ಬಂದು ಆ ದಾರಿಯನ್ನೂ ಮುಚ್ಚಿತು. ಒಳ್ಳೆಯ ಬ್ಯಾಂಡುಗಳಲ್ಲಿ ಎರಡೂ ಹೆಗಲ ಮೇಲೆ ಕೂರುವ ಅಲ್ಯೂಮಿನಿಯಂ ಚೌಕಟ್ಟು ಕೊಡುತ್ತಾರೆ. ನಮಗೆ ಕೊಟ್ಟದ್ದು ಕೊರಳಿಗೆ ಹಾಕಿಕೊಳ್ಳುವ ಒಂದೇ ಒಂದು ಪಟ್ಟಿ. ಬಾರಿಸುವ ಮುಖಗಳು ಎಡಕ್ಕೂ ಬಲಕ್ಕೂ ಇರುವುದರಿಂದ ಎದುರಿಗೆ ಏನಿದೆ ಎಂಬುದು ಹೊತ್ತವನಿಗೆ ಕಾಣುವುದಿಲ್ಲ; ಹಂಪ್, ಗುಂಡಿ, ಸಗಣಿ, ನಿಂತ ಆಟೋ ಎಲ್ಲವೂ ಪಾದಗಳಿಗೆ ಮೊದಲು ಗೊತ್ತಾಗಿ ಆಮೇಲೆ ಕಣ್ಣಿಗೆ ಗೊತ್ತಾಗುತ್ತವೆ. ಇಷ್ಟೆಲ್ಲ ಹೊತ್ತು ನಾನು ಮಾಡುವ ಸಂಗೀತವೆಂದರೆ ಎಡಗಾಲು ನೆಲಕ್ಕೆ ಬಿದ್ದಾಗ ‘ಢಂ’. ನಿಮಿಷಕ್ಕೆ 120 ಹೆಜ್ಜೆಯ ನಡಿಗೆ, ಅಂದರೆ ನಿಮಿಷಕ್ಕೆ ಅರವತ್ತು ಢಂ. ಪಕ್ಕದ ಸೈಡ್ ಡ್ರಮ್ಮಿನವನು ಟರ್ರ್ರ್ ಎಂದು ಉರುಳಿಸಿದರೆ ಚಪ್ಪಾಳೆ ಬೀಳುತ್ತದೆ. ಢಂ ಎಂಬುದಕ್ಕೆ ಚಪ್ಪಾಳೆ ತಟ್ಟಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಆದರೂ ನಡೆಯುತ್ತಿದ್ದರೆ ಡ್ರಮ್ಮು ಸೊಂಟವನ್ನು ಮುರಿಯುವುದಿಲ್ಲ. ಮುರಿಯುವುದು ನಿಂತಾಗ. ನಮ್ಮನ್ನು ನಿಲ್ಲಿಸುವ ಕೆಲಸವನ್ನು ಸಮಿತಿಯ ಕಾರ್ಯದರ್ಶಿಗಳು ಒಂದು ವ್ರತವೆಂದೇ ಹಿಡಿದಿದ್ದರು.

ಜಯದೇವ ವೃತ್ತದಿಂದ ಹೊರಟು, ಅಶೋಕ ರಸ್ತೆ ಹಿಡಿದು, ಗಾಂಧಿ ವೃತ್ತ ಮುಟ್ಟಿ, ಪಿ.ಬಿ. ರಸ್ತೆಗೆ ತಿರುಗಿ ಹೈಸ್ಕೂಲ್ ಮೈದಾನ ಸೇರುವ ದಾರಿ. ದಾವಣಗೆರೆಯಲ್ಲಿ ಮೆರವಣಿಗೆ ನೋಡಿ ಬಲ್ಲವರಿಗೆ ಈ ದಾರಿಯ ಉದ್ದ ಗೊತ್ತು. ಬೆಳಗಿನ ವಾಯುವಿಹಾರಿಗಳು ಇದನ್ನು ಮುಗಿಸಿ ಮನೆಗೆ ಹೋಗಿ ಕಾಫಿ ಕುಡಿಯುತ್ತಾರೆ. ನಮಗೆ ಇಡೀ ಬೆಳಗು ಹಿಡಿಯಿತು. ಮೊದಲು ಉದ್ಘಾಟಕರು ಬರಬೇಕಿತ್ತು. ಅವರು ಹರಿಹರ ದಾಟಿದ್ದಾರೆ ಎಂಬ ಸುದ್ದಿ ಬಂದು, ಬಹಳ ಹೊತ್ತಿನ ಮೇಲೆ ಹರಿಹರ ದಾಟುತ್ತಿದ್ದಾರೆ ಎಂಬ ಸುದ್ದಿ ಬಂತು. ನಾನು ಮೆಲ್ಲಗೆ ಪಟ್ಟಿಗೆ ಕೈ ಹಾಕಿದೆ. ಎಲ್ಲಿದ್ದರೋ ಕಾರ್ಯದರ್ಶಿಗಳು, ಓಡಿ ಬಂದು, ‘ಇಳಿಸಬ್ಯಾಡ್ರಿ ಸರ, ಹೊಂಟೇಬಿಡ್ತೀವಿ!’ ಎಂದರು.

ಆ ಮಾತಿನಲ್ಲಿ ಎಂಥ ಭರವಸೆಯಿತ್ತೆಂದರೆ ನಾನು ನಂಬಿದೆ. ಗಾಂಧಿ ಪ್ರತಿಮೆಗೆ ಮಾಲೆ ಹಾಕುವಾಗ ಮಾಲೆ ಜೀಪಿನಲ್ಲೇ ಉಳಿದಿದೆ ಎಂದು ಗೊತ್ತಾಗಿ ಹುಡುಗನೊಬ್ಬನನ್ನು ಅಟ್ಟಿದಾಗಲೂ ಅದೇ ಮಾತು. ಡ್ರೋನ್ ಕ್ಯಾಮೆರಾದವನು ಬ್ಯಾಟರಿ ಬದಲಿಸಲು ಕುಳಿತಾಗಲೂ ಅದೇ ಮಾತು. ಮಾಜಿ ಮುಖ್ಯೋಪಾಧ್ಯಾಯರೊಬ್ಬರು ರಸ್ತೆಯ ಬದಿಯಲ್ಲಿ ಕಾಣಿಸಿಕೊಂಡು, ಅವರಿಗೆ ಶಾಲು ಹೊದಿಸಿ, ಅವರು ‘ಎರಡೇ ಮಾತು’ ಎಂದು ಮೈಕು ಹಿಡಿದಾಗಲೂ ಅದೇ ಮಾತು, ಈ ಸಲ ಪಿಸುದನಿಯಲ್ಲಿ. ಅವರದು ಆದೇಶವಾಗಿದ್ದರೆ ಧಿಕ್ಕರಿಸಬಹುದಿತ್ತು. ಅಷ್ಟು ಅಕ್ಕರೆಯಿಂದ, ಭುಜದ ಮೇಲೆ ಕೈಯಿಟ್ಟು ಕೇಳಿಕೊಳ್ಳುವವರನ್ನು ಏನು ಮಾಡುವುದು? ಅಂದಹಾಗೆ ಆ ಕೈಯ ತೂಕವನ್ನೂ ಹೊತ್ತದ್ದು ಅದೇ ಸೊಂಟ.

ಇದೆಲ್ಲಕ್ಕೂ ಕಳಸವಿಟ್ಟದ್ದು ಪಿ.ಬಿ. ರಸ್ತೆಯ ಮಜ್ಜಿಗೆ. ದಾನಿಗಳೊಬ್ಬರು ಅಂಗಡಿಯ ಮುಂದೆ ಸ್ಟೀಲ್ ಡ್ರಮ್ಮಿನಲ್ಲಿ ಒಗ್ಗರಣೆ ಹಾಕಿದ ಮಜ್ಜಿಗೆ ಇಟ್ಟಿದ್ದರು. ಬ್ಯಾಂಡಿನವರೆಲ್ಲ ವಾದ್ಯಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಲೋಟ ಎತ್ತಿದರು. ನನ್ನ ಎರಡೂ ಕೈಗಳಲ್ಲಿ ಬಡಿಯುವ ಕೋಲುಗಳು, ಎದುರಿಗೆ 28 ಇಂಚಿನ ಗೋಡೆ. ನನ್ನ ಸಂಕಟವನ್ನು ಕಂಡ ಕಾರ್ಯದರ್ಶಿಗಳು ಕರಗಿಹೋದರು. ಇಳಿಸಿಕೊಳ್ಳಿ ಎನ್ನುವಷ್ಟು ಕರಗಲಿಲ್ಲ, ತಾವೇ ಕುಡಿಸುವಷ್ಟು ಕರಗಿದರು. ಡ್ರಮ್ಮಿನ ಪಕ್ಕದಿಂದ ಕೈ ಚಾಚಿ ಲೋಟವನ್ನು ನನ್ನ ತುಟಿಗೆ ಹಿಡಿದರು. ಅರ್ಧ ಗಂಟಲಿಗಿಳಿಯಿತು, ಅರ್ಧ ಕಾಲರಿನ ಮೂಲಕ ಬನಿಯನ್ನಿಗಿಳಿಯಿತು, ಒಂದು ಕರಿಬೇವಿನ ಎಲೆ ಮೀಸೆಯಲ್ಲಿ ಉಳಿಯಿತು. ಅಷ್ಟರಲ್ಲಿ ಫೋಟೋಗ್ರಾಫರ್, ‘ಸರ, ಸಿಗಲಿಲ್ಲ, ಇನ್ನೊಂದ್ ಸಲ’ ಎಂದ. ಲೋಟ ಖಾಲಿಯಾಗಿತ್ತು. ‘ಖಾಲಿ ಇದ್ರೂ ನಡೀತದ, ಕುಡದಂಗ ಮಾಡ್ರಿ’ ಎಂದರು ಕಾರ್ಯದರ್ಶಿಗಳು. ಕುಡಿದಂತೆ ಮಾಡಿದೆ. ಕಣ್ಣು ಮುಚ್ಚಿದ್ದೀರಿ ಎಂದ. ಕಣ್ಣು ಬಿಟ್ಟು ಕುಡಿದೆ. ಹಿಂದೆ ಯಾರೋ ಸ್ಕೂಟರಿನವನು ಬಂದ. ನಡುರಸ್ತೆಯಲ್ಲಿ, ಮಟಮಟ ಬಿಸಿಲಿನಲ್ಲಿ, ಎಂಟು ಕಿಲೋ ಹೊತ್ತು, ಮತ್ತೊಬ್ಬರ ಕೈಯಿಂದ ಇಲ್ಲದ ಮಜ್ಜಿಗೆಯನ್ನು ಸಂತೃಪ್ತ ಮುಖದಿಂದ ಕುಡಿಯುತ್ತಿರುವ ನನ್ನ ಚಿತ್ರ ಈಗ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನ ಮುಖಚಿತ್ರವಾಗಿದೆ. ಕರಿಬೇವು ಸ್ಪಷ್ಟವಾಗಿ ಕಾಣುತ್ತದೆ.

ಅದೇ ಮೆರವಣಿಗೆಯಲ್ಲಿ ನಮ್ಮ ಮುಂದೆ ಒಂದು ಡೊಳ್ಳಿನ ತಂಡವೂ ಇತ್ತು. ಅವರ ಡೊಳ್ಳುಗಳೇನೂ ಹಗುರವಲ್ಲ; ಮರದ ಮೈ, ಎರಡೂ ಕಡೆ ಚರ್ಮ. ಅದನ್ನು ಹೊತ್ತು ಅವರು ಕುಣಿದರು, ಬಾಗಿದರು, ಗಿರಗಿರನೆ ತಿರುಗಿದರು. ಮಜ್ಜಿಗೆಯ ಹೊತ್ತಿನಲ್ಲಿ ಅವರಲ್ಲಿ ಹಿರಿಯರೊಬ್ಬರು ನನ್ನ ಡ್ರಮ್ಮನ್ನೂ ಪಟ್ಟಿಯನ್ನೂ ಮೇಲಿಂದ ಕೆಳಗೆ ನೋಡಿ, ‘ಇದೇನ್ ಸರ, ಹಿಂಗ ಜೋತುಬಿಟ್ಟೀರಿ? ಮೈಗೆ ಕಟ್ಟಿಕೋಬೇಕ್ರಿ ಅದನ್ನ’ ಎಂದು ಮರುಗಿದರು. ಅವರ ಡೊಳ್ಳು ಹೆಗಲಿಗೂ ಸೊಂಟಕ್ಕೂ ಬಿಗಿದು ಮೈಗೆ ಅಂಟಿಕೊಂಡಿತ್ತು. ಅವರು ತಿರುಗಿದರೆ ಅದೂ ತಿರುಗುತ್ತಿತ್ತು. ನನ್ನದು ನಾನು ತಿರುಗಿ ಒಂದು ಕ್ಷಣವಾದ ಮೇಲೆ ತಾನು ತಿರುಗುತ್ತಿತ್ತು, ಮತ್ತು ನಾನು ನಿಂತ ಮೇಲೂ ತಾನು ಮುಂದುವರಿಯುತ್ತಿತ್ತು.

ಹಿರಿಯರು ಒಂದೇ ಮಾತಿನಲ್ಲಿ ಹೇಳಿದ್ದನ್ನು ಫಿಸಿಯೋಥೆರಪಿಯ ಹುಡುಗಿ ಮರುದಿನ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಳು. ಎಕ್ಸ್‌ರೇಯಲ್ಲಿ ಮೂಳೆಗಳು ಚೆನ್ನಾಗಿವೆ, ಹಿಡಿದಿರುವುದು ಬೆನ್ನಿನ ಸ್ನಾಯು ಎಂದು ಮೂಳೆ ವೈದ್ಯರು ಆಗಲೇ ಹೇಳಿ, ಹಾಸಿಗೆ ಹಿಡಿಯದೆ ಓಡಾಡಿಕೊಂಡಿರಿ ಎಂದು ಕಳಿಸಿದ್ದರು. ಅವಳ ಲೆಕ್ಕ ಸನ್ನೆಕೋಲಿನದು. ಡ್ರಮ್ಮಿನ ಭಾರದ ನಡುಬಿಂದು ಬೆನ್ನುಮೂಳೆಯಿಂದ ಅರ್ಧ ಮೀಟರಿಗಿಂತ ಮುಂದಿದೆ. ಅದನ್ನು ಹಿಂದಿನಿಂದ ಎಳೆದು ಹಿಡಿಯಬೇಕಾದ ಸ್ನಾಯು ಬೆನ್ನುಮೂಳೆಯಿಂದ ಸುಮಾರು ಐದು ಸೆಂಟಿಮೀಟರ್ ಅಷ್ಟೇ ಹಿಂದಿದೆ. ಹಾಗಾಗಿ ಎದುರಿನ ಎಂಟು ಕಿಲೋಗೆ ಹಿಂದೆ ಎಂಬತ್ತು ಕಿಲೋಗೂ ಮಿಕ್ಕಿದ ಎಳೆತ ಬೇಕು. ನಡೆಯುವಾಗ ಆ ಸ್ನಾಯು ಒಮ್ಮೆ ಬಿಗಿದು ಒಮ್ಮೆ ಸಡಿಲಿಸಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಒಂದೇ ಕಡೆ ನಿಂತರೆ ಬಿಗಿದದ್ದು ಬಿಗಿದೇ ಇರುತ್ತದೆ, ರಕ್ತ ಸರಿಯಾಗಿ ಹರಿಯುವುದಿಲ್ಲ. ಅದಕ್ಕೇ ನೀವು ತುಂಬು ಬಸುರಿಯಂತೆ ಹಿಂದಕ್ಕೆ ವಾಲಿ ನಿಂತಿರುತ್ತೀರಿ ಎಂದು ವಾಟ್ಸಾಪಿನ ಆ ಚಿತ್ರವನ್ನೇ ತೋರಿಸಿದಳು. (ಅದು ಅವಳಿಗೆ ಹೇಗೆ ತಲುಪಿತು ಎಂದು ನಾನು ವಿಚಾರಿಸಲಿಲ್ಲ.) ಕೊನೆಗೆ ಬಲು ಸಂಕೋಚದಿಂದ, ‘ಹೊಟ್ಟೆ ಎಷ್ಟು ಮುಂದೆ ಬರ್ತದೋ ಡ್ರಮ್ಮು ಅಷ್ಟು ದೂರ ಹೋಗ್ತದ ಸರ’ ಎಂದಳು. ಇಷ್ಟು ವರ್ಷ ತಿಂದ ಬೆಣ್ಣೆದೋಸೆಗಳು ಒಂದೊಂದೂ ಡ್ರಮ್ಮನ್ನು ಒಂದೊಂದು ಎಳೆಯಷ್ಟು ಮುಂದಕ್ಕೆ ನೂಕುತ್ತಿದ್ದವು ಎಂಬ ವಿಚಾರ ನನ್ನನ್ನು ಕ್ಷಣಕಾಲ ತತ್ತ್ವಜ್ಞಾನಿಯನ್ನಾಗಿ ಮಾಡಿತು. ಊರು ಬಿಟ್ಟು ಹೋಗುವುದೊಂದೇ ಇದಕ್ಕೆ ಪರಿಹಾರ.

ಹುಡುಗರಾಗಿದ್ದಾಗ ಇದೇ ಡ್ರಮ್ಮು ಹೊತ್ತು ನೊಂದ ನೆನಪಿಲ್ಲ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ, ಅಂದರೆ 1997ಕ್ಕಿಂತ ಹಿಂದಿನ ಮಾತು. ಆಗಸ್ಟ್ ಹದಿನೈದಕ್ಕೆ ಹಳೇ ಊರಿನಿಂದ ಹೊರಟು ಹೈಸ್ಕೂಲ್ ಮೈದಾನಕ್ಕೆ ಬರುವಾಗ ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟು ನಮಗೆ ಅಡ್ಡ ಬೀಳುತ್ತಿತ್ತು. ಊರಿಗೆ ಊರೇ ಆ ಗೇಟನ್ನು ಶಪಿಸುತ್ತಿದ್ದ ಕಾಲದಲ್ಲಿ ಅದು ಬೀಳಲೆಂದು ಹರಕೆ ಹೊರುತ್ತಿದ್ದವನು ನಾನೊಬ್ಬನೇ ಇರಬೇಕು. ಗೇಟು ಬಿದ್ದೊಡನೆ ನಮ್ಮ ಬ್ಯಾಂಡ್ ಮಾಸ್ತರರು ಶಿಳ್ಳೆ ಊದಿ, ‘ಇಳಿಸ್ರೋ!’ ಎನ್ನುತ್ತಿದ್ದರು. ನಾನು ಡ್ರಮ್ಮನ್ನು ನೆಲಕ್ಕಿಟ್ಟು ಅದಕ್ಕೇ ಒರಗಿಕೊಂಡು ಗೂಡ್ಸ್ ರೈಲಿನ ಡಬ್ಬಿಗಳನ್ನು ಎಣಿಸುತ್ತಿದ್ದೆ. ಮತ್ತೆ ಹೊರುವಾಗ ಮಾಸ್ತರರು ತಮ್ಮ ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಡಿಸಿ ನನ್ನ ಕೊರಳಿಗೂ ಪಟ್ಟಿಗೂ ನಡುವೆ ತೂರಿಸುತ್ತಿದ್ದರು. ಮೈದಾನದಲ್ಲಿ ಕವಾಯತು ಮುಗಿದ ಮೇಲೆ, ಬೆವರಿನಿಂದ ತೊಯ್ದ ಆ ಟವೆಲ್ಲಿನಿಂದಲೇ ಅವರು ಮುಖ ಒರೆಸಿಕೊಳ್ಳುತ್ತಿದ್ದರು. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಅಗಲಿದವರ ಹೆಸರು ಓದುವಾಗ ಅವರ ಹೆಸರು ಬಂತು. ಆ ಹೊತ್ತಿನಲ್ಲಿ ನಾನಿನ್ನೂ ಡ್ರಮ್ಮನ್ನು ಇಳಿಸಿರಲಿಲ್ಲ.

ಮದುವೆಯ ಹಂಗಾಮಿನಲ್ಲಿ ನಮ್ಮೂರಿನ ಬ್ಯಾಂಡ್ ಸೆಟ್ಟಿನ ಹುಡುಗರು ಇದನ್ನು ದಿನವೂ ಹೊರುತ್ತಾರೆ. ಅವರನ್ನು ನಿಲ್ಲಿಸಲು ಕಾರ್ಯದರ್ಶಿಗಳು ಬೇಕಿಲ್ಲ, ವರನ ಗೆಳೆಯರು ಸಾಕು. ಕಲ್ಯಾಣಮಂಟಪದ ಬಾಗಿಲು ಕಣ್ಣೆದುರಿಗೇ ಇದ್ದರೂ ‘ಇನ್ನೊಂದು ಹಾಡು’ ಎಂದು ಒಂದೇ ಜಾಗದಲ್ಲಿ ಕುಣಿಯುತ್ತಾರೆ. ಅವರಲ್ಲಿ ಯಾರಾದರೂ ಒಬ್ಬರು, ಕುಣಿಯುವ ಹುಮ್ಮಸ್ಸಿನ ನಡುವೆ, ಆ ಡ್ರಮ್ಮಿನ ಹುಡುಗನ ಕೈಗೆ ಒಂದು ಸ್ಟೂಲು ಕೊಟ್ಟರೆ ಮದುವೆಯ ಶೋಭೆಗೆ ಕುಂದಾಗದು.

ಇನ್ನು ಚಿಕಿತ್ಸೆಗಳ ವಿಷಯ. ನೀಲಗಿರಿ ಎಣ್ಣೆ, ಹುರಿದ ಉಪ್ಪಿನ ಶಾಖ, ಎಕ್ಕದ ಎಲೆ ಎಲ್ಲವೂ ಆದವು. ಕೊನೆಗೆ ನಮ್ಮ ತಾಯಿ, ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ಹಠ ಹಿಡಿದರು. ಹಿಂದೆ ಕೇರಿಗೊಬ್ಬರು ಇಂಥವರು ಸಿಗುತ್ತಿದ್ದರು. ಈಗ ಆಸ್ಪತ್ರೆಯವರು ಸಿಸೇರಿಯನ್ ಮಾಡಿ ಆ ಸಂತತಿಯನ್ನೇ ವಿರಳಗೊಳಿಸಿದ್ದಾರೆ. ತಾಯಿ ದೇವಸ್ಥಾನದಲ್ಲಿ, ಹಾಲಿನ ಬೂತಿನಲ್ಲಿ, ಫೋನಿನಲ್ಲಿ ವಿಚಾರಿಸಿ ಕೊನೆಗೊಬ್ಬರನ್ನು ಪತ್ತೆ ಹಚ್ಚಿದರು. ನಿನ್ನೆ ಸಂಜೆ ಅವರು ಬಂದರು. ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ ನನಗೆ ಮುಖ ಕಾಣಲಿಲ್ಲ, ದನಿ ಕೇಳಿಸಿತು: ‘ನಾನು ಹಂಗೇ ಹುಟ್ಟಿದ್ದು ಸರ, ನಮ್ಮವ್ವಗ ಕೇಳ್ರಿ.’ ಕಾರ್ಯದರ್ಶಿಗಳು!

ಮೊದಲ ತುಳಿತ ಹಿತವಾಗಿಯೇ ಇತ್ತು. ಎರಡನೆಯದಕ್ಕೆ ಎಡಗಾಲನ್ನು ನನ್ನ ಸೊಂಟದ ಮೇಲಿಟ್ಟಾಗ ಅವರ ಫೋನು ಬಾರಿಸಿತು. ಕಾಲು ಅಲ್ಲಿಯೇ ಉಳಿಯಿತು. ಜನವರಿಯ ಸಮಾರೋಪಕ್ಕೆ ಇನ್ನೊಂದು ಮೆರವಣಿಗೆ ಇಟ್ಟುಕೊಳ್ಳುವ ಮಾತುಕತೆ. ಧ್ವಜ ಯಾರು, ಶಾಲು ಎಷ್ಟು, ಮಜ್ಜಿಗೆಯೋ ಪಾನಕವೋ ಎಂದು ದೀರ್ಘವಾಗಿಯೇ ನಡೆಯಿತು. ನಾನು ಮೊಣಕೈ ಊರಿ ಏಳಲು ನೋಡಿದೆ. ಅವರು ಫೋನಿಗೆ ಅಂಗೈ ಮುಚ್ಚಿ, ‘ಏಳಬ್ಯಾಡ್ರಿ ಸರ, ಇನ್ನೊಂದ್ ಸಲ ತುಳುದು ಹೊಂಟೇಬಿಡ್ತೀನಿ’ ಎಂದವರೇ, ಅಂಗೈ ತೆಗೆದು ಆ ಕಡೆಯವರಿಗೆ ಹೇಳಿದರು: ‘ಏ, ಬಿಗ್ ಡ್ರಮ್ಮಿನ ಚಿಂತಿ ಬಿಡ್ರಿ, ಅದು ನಮ್ಮ ಸರ್ ಮನ್ಯಾಗೇ ಐತಿ.’