ಟ್ಯಾಲಿಯನ್ನು ಅಳೆಯುವ ರೀತಿ ಇದಲ್ಲ

ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಬರೆಯುವ ಸಾಫ್ಟ್‌ವೇರ್‌ಗಳನ್ನು ಹೋಲಿಸಿದ ನಿಮ್ಮ ಬರಹದಲ್ಲಿ ಟ್ಯಾಲಿ, ಜೋಹೋ ಬುಕ್ಸ್, ಎಸ್‌ಎಪಿ ಮೂರನ್ನೂ ಒಂದೇ ಪಟ್ಟಿಯಲ್ಲಿಟ್ಟು, ಕ್ಲೌಡ್ (ನೆಟ್ ಮೂಲಕ ಎಲ್ಲಿಂದಲಾದರೂ ಬಳಸುವ ಸೌಲಭ್ಯ) ಇಲ್ಲ ಅಂತ ಟ್ಯಾಲಿಗೆ ಕಡಿಮೆ ಅಂಕ ಕೊಟ್ಟಿದ್ದೀರಿ. ಎಸ್‌ಎಪಿಯನ್ನು ಯಾಕೆ ಸೇರಿಸಿದಿರೋ ಗೊತ್ತಾಗಲಿಲ್ಲ. ಅದು ದೊಡ್ಡ ಕಾರ್ಖಾನೆಗಳ ಸರಕು. ಚಿಕ್ಕಪೇಟೆಯ ಬಟ್ಟೆ ಅಂಗಡಿಯವರು ಅದರ ಬೆಲೆ ಕೇಳಲೂ ಹೋಗುವುದಿಲ್ಲ.

1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟ್ಯಾಲಿ ಇನ್ನೂ ಉಳಿದಿರುವುದಕ್ಕೆ ಕಾರಣ ಫೀಚರ್‌ಗಳಲ್ಲ, ಲೆಕ್ಕ ಬರೆಯುವವರ ಕೈ. ಎಫ್5 ಒತ್ತಿದರೆ ಪೇಮೆಂಟ್, ಎಫ್8ಕ್ಕೆ ಸೇಲ್ಸ್. ಮೌಸ್ ಮುಟ್ಟದೆ ಎಂಟ್ರಿ ಮುಗಿಯುತ್ತದೆ, ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಜೊತೆಗೆ ಆಡಿಟರ್ ಕೇಳುವುದೇ ಟ್ಯಾಲಿ ಡೇಟಾ. ಅಂಗಡಿಯವರು ಬೇರೆ ಆರಿಸಿಕೊಳ್ಳುವುದೆಲ್ಲಿ? ಇಂಟ್ಯುಟ್‌ನಂಥ ಅಮೆರಿಕದ ದೈತ್ಯ ಕೂಡ 2023ರಲ್ಲಿ ತನ್ನ ಲೆಕ್ಕದ ಸಾಫ್ಟ್‌ವೇರ್ ಕ್ವಿಕ್‌ಬುಕ್ಸನ್ನು ಭಾರತದಲ್ಲಿ ನಿಲ್ಲಿಸಿತು.

ಹಾಗಂತ ಟ್ಯಾಲಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಹಳೆಯ ವೋಚರನ್ನು, ಅಂದರೆ ಬರೆದಿಟ್ಟ ವ್ಯವಹಾರದ ಎಂಟ್ರಿಯನ್ನು, ಸದ್ದಿಲ್ಲದೆ ತಿದ್ದಬಹುದಾಗಿದ್ದ ಕಾಲವಿತ್ತು. ಕೆಲವು ಮಾಲೀಕರಿಗೆ ಅದೇ ಇಷ್ಟ, ಅಲ್ವಾ! ಕಂಪನಿಗಳ ಲೆಕ್ಕದಲ್ಲಿ ತಿದ್ದುಪಡಿಯ ಜಾಡು ಉಳಿಯಲೇಬೇಕು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಬಂತು. ಟ್ಯಾಲಿಯ ಈಗಿನ ರೂಪವಾದ ಟ್ಯಾಲಿಪ್ರೈಮ್‌ನಲ್ಲಿ ಆ ಜಾಡನ್ನು ಉಳಿಸುವ ಎಡಿಟ್ ಲಾಗ್ ಈಗ ಇದೆ.

ಜೋಹೋದ ಬಲ ಬೇರೆ ಕಡೆ ಇದೆ. ಬಿಲ್, ಗ್ರಾಹಕರ ಪಟ್ಟಿ, ಸಂಬಳ, ಮೇಲ್ ಎಲ್ಲವೂ ಒಂದೇ ಮನೆಯವು. ಮೊಬೈಲಲ್ಲೇ ಬಿಲ್ ಕಳಿಸುವ ಹೊಸ ಉದ್ಯಮಿಗೆ ಅದೇ ಸಲೀಸು. ಆದರೆ ದುಡ್ಡು ಕೊಟ್ಟು ಬಳಸುವ ಪ್ಲಾನ್‌ಗಳಿಗೆ ಚಂದಾ ಕಟ್ಟುತ್ತಲೇ ಇರಬೇಕು. ಟ್ಯಾಲಿಯ ಶಾಶ್ವತ ಲೈಸೆನ್ಸ್ ಒಮ್ಮೆ ಕೊಂಡರೆ, ನವೀಕರಿಸದಿದ್ದರೂ ಇದ್ದ ಆವೃತ್ತಿ ನಡೆಯುತ್ತದೆ. ಐದು ವರ್ಷದ ಒಟ್ಟು ಖರ್ಚು ಹಾಕಿ ಹೋಲಿಸಿದ್ದರೆ ನಿಮ್ಮ ಪಟ್ಟಿ ಜಾಸ್ತಿ ಉಪಯೋಗಕ್ಕೆ ಬರುತ್ತಿತ್ತು.